ತೊಂದರೆಯೇ ಇಲ್ಲದ ಊರಿನಲ್ಲಿ ಒಂದು ಸಮೀಕ್ಷೆ

ದೂರು ಹೇಳುವುದರಲ್ಲಿ ನಮ್ಮ ಹಾನುಬಾಳು ಕಡೆಯ ಜನ ಯಾರಿಗೂ ಕಡಿಮೆಯಿಲ್ಲವೆಂದು ನಾನು ಬಹುಕಾಲ ನಂಬಿದ್ದೆ. ಕಾಫಿ ಹೂ ಅರಳಿಸುವ ಹೂಮಳೆ ಬಂದರೆ ಹೆಚ್ಚಾಯಿತು ಎನ್ನುತ್ತಾರೆ, ಬಾರದಿದ್ದರೆ ಕಾಫಿ ಗಿಡದ ಮುಂದೆ ನಿಂತು ದೇವರಿಗೇ ಬುದ್ಧಿ ಹೇಳುತ್ತಾರೆ. ಕರೆಂಟು ಹೋದರೆ ಲೈನ್‌ಮನ್ನನ್ನು ಬೈಯುತ್ತಾರೆ, ಬಂದರೆ ವೋಲ್ಟೇಜ್ ಸಾಲದೆಂದು ಮತ್ತೆ ಅವನನ್ನೇ ಬೈಯುತ್ತಾರೆ. ಬೆಳಿಗ್ಗೆ ಹೋಟೆಲಿನ ಬೆಂಚಿನ ಮೇಲೆ ಕುಳಿತರೆಂದರೆ ಸರ್ಕಾರ, ಆನೆ, ಮೆಣಸಿನ ಬಳ್ಳಿಗೆ ಬಂದ ರೋಗ, ಮನೆಯ ಅಳಿಯ, ಯಾರೊಬ್ಬರೂ ತಪ್ಪಿಸಿಕೊಳ್ಳುವಂತಿಲ್ಲ. ಹೀಗಿರುವಾಗ ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿರುವ ನನಗೆ ಮೇಲಿನವರು, "ಮನೆಮನೆಗೆ ಹೋಗಿ ಜನರ ತೊಂದರೆಗಳನ್ನು ಬರೆದುಕೊಂಡು ಬನ್ನಿ" ಎಂದಾಗ ನೀರು ಕುಡಿದಷ್ಟು ಸುಲಭದ ಕೆಲಸವೆನಿಸಿತು. ನನ್ನಷ್ಟು ದಡ್ಡ ಈ ಹೋಬಳಿಯಲ್ಲಿ ಇನ್ನೊಬ್ಬನಿರಲಾರ.

ವಿಷಯ ಇಷ್ಟೇ. ಕಂಪ್ಯೂಟರು ನಮ್ಮ ಬೆಟ್ಟಗಳನ್ನು ಹತ್ತಿ ಬಂದದ್ದು ಇತ್ತೀಚೆಗೆ. ನಮ್ಮ ಶಾಲೆಯ ಹಿಂದಿನ ಕೋಣೆಗೂ ಒಂದು ಬಂದಿತ್ತು. ಯಾರೋ ಪುಣ್ಯಾತ್ಮರು ಪಾಠಗಳನ್ನು ಬರೆದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ, ಅವನ್ನು ಯಾರು ಬೇಕಾದರೂ ಓದಬಹುದು, ಪ್ರತಿ ಮಾಡಿಕೊಳ್ಳಬಹುದು, ತಿದ್ದಬಹುದು, ನೆರೆಯವರಿಗೂ ಹಂಚಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಇದಕ್ಕೆ ಕಚೇರಿಯವರು ಇಟ್ಟ ಹೆಸರು 'ಮುಕ್ತ ಶೈಕ್ಷಣಿಕ ಸಂಪನ್ಮೂಲ'. ಶಾಲೆ ಬಿಟ್ಟ ಮೇಲೆ ಊರಿನ ದೊಡ್ಡವರೂ ಬಂದು ಓದಲಿ ಎಂದು ಸಂಜೆ ನಾನು ಆ ಕೋಣೆಯ ಬೀಗ ತೆಗೆದಿಡುತ್ತಿದ್ದೆ. ಬೀಗ ತೆಗೆದದ್ದೇ ಬಂತು. ಪಾಠಗಳೆಲ್ಲ ಇಂಗ್ಲಿಷಿನಲ್ಲಿ. ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಮನೆಗೆ ಹೋಗಿ ಕಾಫಿ ಕುಡಿದು ಬರಬಹುದು. ತೆರೆದುಕೊಂಡಿತು ಎನ್ನುವಾಗ ಕರೆಂಟು ಹೋಗುತ್ತದೆ. ಕಾಗದದ ಮೇಲೆ ತೆಗೆದುಕೊಡೋಣವೆಂದರೆ ಪ್ರಿಂಟರ್ ಇಲ್ಲ.

ಹಾಸನದಿಂದ ಈ ಯೋಜನೆಯನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಗಳು ಒಳ್ಳೆಯವರು. ನನ್ನನ್ನು ಪಕ್ಕಕ್ಕೆ ಕರೆದು, "ನೋಡಿ, ನಿಮ್ಮ ಕಷ್ಟ ನನಗೆ ಗೊತ್ತು. ಆದರೆ ಅದನ್ನು ನೀವು ಹೇಳಿದರೆ ನಡೆಯೋದಿಲ್ಲ, ಜನ ಹೇಳಬೇಕು. ಸಮೀಕ್ಷೆ ಮಾಡಿ. ಇಂಗ್ಲಿಷ್ ಬರೋಲ್ಲ, ಕರೆಂಟಿಲ್ಲ ಅಂತ ಅವರು ಬರೆಸಲಿ. ಕನ್ನಡದ ಪಾಠ, ಪ್ರಿಂಟರ್, ಬ್ಯಾಟರಿ ಎಲ್ಲ ಕೊಡಿಸ್ತೀನಿ" ಎಂದು ಬಾಯಿಬಿಟ್ಟು ಹೇಳಿದರು. ಪ್ರಶ್ನೆಗಳು ಮುಖ್ಯವಾಗಿ ಎರಡು. ಈ ಪಾಠಗಳನ್ನು ಬಳಸಲು ನಿಮಗೆ ಪ್ರೇರಣೆ ಏನು? ಬಳಸಲು ಇರುವ ಅಡೆತಡೆಗಳೇನು?

ಇದೆಲ್ಲ ನನಗೆ ಬೇಕಾದದ್ದು ಊರಿನ ಉದ್ಧಾರಕ್ಕೆಂದು ಹೇಳಿದರೆ ಸುಳ್ಳಾದೀತು. ಬೇಕಾದದ್ದು ಲಿಲ್ಲಿ ಬಾಯಿಗಾಗಿ. ಆಕೆ ನಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಅಜ್ಜ ಮಂಗಳೂರಿನ ಕಡೆಯಿಂದ ಎಸ್ಟೇಟಿಗೆ ಲೆಕ್ಕ ಬರೆಯುವ ರೈಟರ್ ಆಗಿ ಬಂದವರು, ಆಕೆ ಮಾತ್ರ ಅಪ್ಪಟ ಹಾನುಬಾಳಿನವಳು. ಹತ್ತನೇ ತರಗತಿಯ ವಿಜ್ಞಾನದಲ್ಲಿ ಎಂದೋ ನಪಾಸಾಗಿ ಮದುವೆಯಾಗಿ ಹೋದವಳು, ಈಗ ಗಂಡನಿಲ್ಲದೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಾಳೆ. ಅಂಗನವಾಡಿ ಟೀಚರಮ್ಮ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಪಾಸಾದರೆ ಆ ಕೆಲಸ ಲಿಲ್ಲಿ ಬಾಯಿಗೆ, ಇಲ್ಲದಿದ್ದರೆ ಹೊರಗಿನವರಿಗೆ. ದಿನಾ ಸಂಜೆ ಕೋಣೆಗೆ ಬಂದು, ಅರ್ಥವಾಗದ ಇಂಗ್ಲಿಷ್ ಪಾಠದ ಮುಂದೆ ಚರ್ಚಿನಲ್ಲಿ ಕುಳಿತಷ್ಟೇ ಭಕ್ತಿಯಿಂದ ಕುಳಿತಿರುತ್ತಿದ್ದಳು.

ಸಮೀಕ್ಷೆಗೆ ಹೊರಟೆ. ಮೊದಲು ಹೋದದ್ದು ಮಲ್ಲೇಶಪ್ಪನವರ ಮನೆಗೆ. ಊರಿನ ದೂರುಗಾರರಲ್ಲಿ ಅವರೇ ಹಿರಿಯರು. ಹಿಂದಿನ ವಾರವಷ್ಟೇ ನಮ್ಮ ಕೋಣೆಗೆ ಬಂದು, ಮೆಣಸಿನ ರೋಗದ ಪಾಠ ಹುಡುಕಿಸಿ, ಕರೆಂಟು ಹೋದಾಗ ಕಂಪ್ಯೂಟರಿಗೂ ನನಗೂ ಒಟ್ಟಿಗೆ ಸಹಸ್ರನಾಮ ಮಾಡಿ ಹೋಗಿದ್ದರು. ಅವರಿಂದಲೇ ಒಂದು ಹಾಳೆ ತುಂಬುತ್ತದೆಂದು ಎರಡು ಪೆನ್ನು ಒಯ್ದಿದ್ದೆ. ಕಾಫಿ ಬಂತು, ಅಕ್ಕಿರೊಟ್ಟಿ ಬಂತು, ಬೇಡವೆಂದರೂ ಇನ್ನೊಂದು ಬಂತು. ಕೊನೆಗೆ ಕೇಳಿದೆ.

"ಪ್ರೇರಣೆ ಏನು ಮಲ್ಲೇಶಪ್ಪನವರೇ?"

"ನೀವೇ ಮೇಷ್ಟ್ರೆ. ನಿಮ್ಮಂತೋರು ಸಿಗದಿಲ್ಲ ಅಂತ ಬರ್ಕೊಳಿ."

"ಅದಿರಲಿ. ಅಡೆತಡೆ? ತೊಂದರೆ ಏನಾದರೂ?"

"ಏನೂ ತೊಂದ್ರೆ ಇಲ್ಲ ಕಣ್ರೀ. ಎಲ್ಲಾ ಚೆನ್ನಾಗೈತೆ."

"ಕರೆಂಟು?"

"ಕರೆಂಟಿಗೇನಾಗೈತೆ? ಬರ್ತೈತೆ, ಹೋಯ್ತೈತೆ. ಅದು ಅದರ ಧರ್ಮ."

ಮುಂದಿನ ಮನೆಯಲ್ಲೂ ಇದೇ ಮಾತು. ಅದರ ಮುಂದಿನ ಮನೆಯಲ್ಲಿ ಕೋಡುಬಳೆಯ ಜೊತೆಗೆ ಇದೇ ಮಾತು. ಎಸ್ಟೇಟಿನ ಕೂಲಿಕಾರರ ಲೈನಿನಲ್ಲಿ ಓದು ಬಾರದ ಒಬ್ಬ ಮುದುಕಿ ಕೂಡ ಇಂಗ್ಲಿಷ್ ಪಾಠಗಳು ತನಗೆ ಬಹಳ ಹಿಡಿಸಿವೆ ಎಂದಳು. "ಒಂದಾದರೂ ತೊಂದರೆ ಹೇಳಿ, ನಿಮಗೆ ಕೈ ಮುಗಿಯುತ್ತೇನೆ" ಎಂದು ನಾನು ಅಂಗಲಾಚಿದಷ್ಟೂ ಅವರ ಮುಖದಲ್ಲಿ ಕನಿಕರ ಹೆಚ್ಚುತ್ತಿತ್ತು, ತಟ್ಟೆಗೆ ಬೀಳುವ ತಿಂಡಿಯೂ ಹೆಚ್ಚುತ್ತಿತ್ತು. ಕಡೆಗೆ ಲಿಲ್ಲಿ ಬಾಯಿಯ ಮನೆಗೆ ಹೋದೆ. ಆಕೆ ಕಣ್ಣು ತಗ್ಗಿಸಿ, "ಇಂಗ್ಲಿಷೇ ಚಂದ ಮೇಷ್ಟ್ರೆ, ಏನೂ ತೊಂದ್ರೆ ಇಲ್ಲ" ಎಂದಾಗ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮನೆಗೆ ಬಂದು ಊಟ ಬೇಡವೆಂದು ಮಲಗಿದೆ. "ಹಸಿವಿಲ್ಲವೋ, ಬೇಜಾರೋ?" ಎಂದಳು ಹೆಂಡತಿ. ಎರಡೂ ಎಂದೆ. "ಅಷ್ಟು ಕೋಡುಬಳೆ ತಿಂದು ಬೇಜಾರಾದವರನ್ನು ಇವತ್ತೇ ನೋಡಿದ್ದು" ಎಂದು ದೀಪ ಆರಿಸಿದಳು.

ಗುಟ್ಟು ರಟ್ಟಾದದ್ದು ಹೋಟೆಲಿನಲ್ಲಿ. ಮಲ್ಲೇಶಪ್ಪ ಆಚೀಚೆ ನೋಡಿ, ನನ್ನ ಭುಜದ ಮೇಲೆ ಕೈಯಿಟ್ಟು, "ಹೆದರ್ಬೇಡಿ ಮೇಷ್ಟ್ರೆ. ಒಬ್ಬನೂ ಬಾಯಿ ಬಿಡದಂಗೆ ನೋಡ್ಕೊಂಡಿದೀನಿ" ಎಂದರು. ಯಾಕೆ ಎಂದೆ. "ಮೇಲಿನೋರು ಹಾಳೆ ಕೊಟ್ಟು ಕಳಿಸವ್ರೆ ಅಂದ್ರೆ ನಮಗೆ ಗೊತ್ತಾಗದಿಲ್ವಾ? ತೊಂದ್ರೆ ಐತೆ ಅಂತ ಬರೆಸಿದ್ರೆ ನಿಮ್ಮನ್ನ ಎತ್ತಿ ಎಲ್ಲಿಗೋ ಹಾಕ್ಬುಡ್ತಾರೆ. ಒಬ್ಬನ ಹೊಟ್ಟೆ ಮೇಲೆ ಹೊಡಿಯೋ ಪಾಪ ನಮಗ್ಯಾಕೆ ಮಾರಾಯ್ರೆ?"

ನನಗೆ ಯಸಳೂರಿನ ಬಸ್ಸಿನ ಕಂಡಕ್ಟರ್ ನೆನಪಾದ. ಬಾಯಿ ಬೊಂಬಾಯಿ, ಚಿಲ್ಲರೆ ಕೇಳಿದರೆ ಕಚ್ಚಲು ಬರುತ್ತಿದ್ದ. ಸಕಲೇಶಪುರ ತಲುಪುವವರೆಗೆ ಬಸ್ಸಿಗೆ ಬಸ್ಸೇ ಅವನ ವಂಶ ಜಾಲಾಡುತ್ತಿತ್ತು. ಒಂದು ದಿನ ಡಿಪೋದಿಂದ ವಿಚಾರಣೆಗೆ ಬಂದವರು ಹತ್ತಿ, "ಇವರ ಮೇಲೆ ದೂರಿದೆಯೇ?" ಎಂದರೆ, ಅದೇ ಬಸ್ಸು ಒಕ್ಕೊರಲಿನಿಂದ ಅವನನ್ನು ಅಪರಂಜಿ ಎಂದಿತು. ನಮ್ಮಲ್ಲಿ ಬೈಗುಳ ಬಾಯಿಗೆ ಮಾತ್ರ, ಕಾಗದಕ್ಕಲ್ಲ. ಬಾಯಿಂದ ಬೈದವನ ಜೊತೆ ಸಂಜೆ ಕಾಫಿ ಕುಡಿಯಬಹುದು, ಕಾಗದದಲ್ಲಿ ಬರೆಸಿದರೆ ಅವನ ಮಕ್ಕಳ ಮುಖ ನೋಡುವುದು ಹೇಗೆ? ಇದು ಒಳ್ಳೆಯತನವೇ, ಅಲ್ಲವೆನ್ನಲಾರೆ. ಆದರೆ ಒಳ್ಳೆಯತನದಿಂದ ಉಸಿರುಗಟ್ಟಿ ಸಾಯುವುದೂ ಸಾವೇ ತಾನೆ? ಮತ್ತೆ ಮನೆಮನೆಗೆ ಹೋಗಿ, ನನ್ನ ಕೆಲಸಕ್ಕೆ ಏನೂ ಆಗುವುದಿಲ್ಲ, ನೀವು ಬರೆಸಿದರೆ ಒಳ್ಳೆಯದೇ ಆಗುತ್ತದೆ ಎಂದು ಆಣೆ ಮಾಡಿದೆ. "ಪಾಪ, ಯಾರೋ ಹೆದರಿಸಿ ಹಿಂಗೆ ಹೇಳಿಸ್ತಾವ್ರೆ" ಎಂದು ಮಾತಾಡಿಕೊಂಡರಂತೆ.

ಹಾಳೆಗಳು ಹಾಸನಕ್ಕೆ ಹೋದವು. ಸ್ವಲ್ಪ ದಿನದಲ್ಲಿ ಅಧಿಕಾರಿಗಳೇ ಜೀಪಿನಲ್ಲಿ ಬಂದರು. ಊರವರೆಲ್ಲ ಶಾಲೆಯ ಜಗುಲಿಯಲ್ಲಿ ಸೇರಿದ್ದರು. ಜಿಲ್ಲೆಯಲ್ಲೇ ತೊಂದರೆಯಿಲ್ಲದ ಊರು ಇದೊಂದೇ ಎಂದು ನನ್ನ ಕೊರಳಿಗೆ ಹಾರ ಬಿತ್ತು. ಕನ್ನಡ ಪಾಠ, ಪ್ರಿಂಟರ್, ಬ್ಯಾಟರಿ ಎಲ್ಲವೂ ತೊಂದರೆಯಿರುವ ಬೇರೆ ಊರಿಗೆ ಹೋಗಲಿವೆ ಎಂದೂ ತಿಳಿಯಿತು. ಆಮೇಲೆ ಅವರು ನನ್ನ ಮುಖ ನೋಡಿ, "ಆದೇಶಕ್ಕೆ ಇನ್ನೂ ಸಹಿ ಹಾಕಿಲ್ಲ. ಜನ ಹೇಳದಿದ್ದರೆ ಹೋಗಲಿ, ನೀವೇ ಎಲ್ಲರೆದುರು ಹೇಳಿ, ಬರ್ಕೋತೀನಿ. ತೊಂದರೆ ಇದೆಯಾ?" ಎಂದರು.

ಇದೆ ಎನ್ನಲು ಹೊರಟಿದ್ದೆ. ಅಷ್ಟರಲ್ಲಿ ಅವರನ್ನು ಸರಿಯಾಗಿ ನೋಡಿದೆ. ದಾರಿಯ ತಿರುವುಗಳಲ್ಲಿ ವಾಂತಿಯಾಗಿ ಮುಖ ಬಾಡಿಹೋಗಿತ್ತು. ನಿವೃತ್ತಿ ಹತ್ತಿರವಿತ್ತು, ಮನೆಯಲ್ಲಿ ಮಗಳ ಮದುವೆ ಗೊತ್ತಾಗಿತ್ತು. ಈ ಯೋಜನೆ ಇನ್ನೊಂದು ಊರಿನಲ್ಲೂ ಕೆಟ್ಟಿದೆಯೆಂದು ದಾಖಲಾದರೆ ಅವರನ್ನು ಬೀದರಿಗೆ ಹಾಕುತ್ತಾರೆಂದು ಜೀಪಿನ ಡ್ರೈವರ್ ಆಗಷ್ಟೇ ನನ್ನ ಕಿವಿಯಲ್ಲಿ ಹೇಳಿದ್ದ. ಅಷ್ಟಿದ್ದೂ ಬರೆದುಕೊಳ್ಳುತ್ತೇನೆ ಎನ್ನುತ್ತಿದ್ದಾರೆ ಪುಣ್ಯಾತ್ಮರು. ಎದುರಿಗೆ ಲಿಲ್ಲಿ ಬಾಯಿ ನಿಂತಿದ್ದಳು. ನನ್ನ ಬಾಯಿ ತೆರೆಯಿತು.

"ಏನೂ ತೊಂದ್ರೆ ಇಲ್ಲ ಸಾರ್. ಎಲ್ಲಾ ಚೆನ್ನಾಗೈತೆ."

ಜಗುಲಿಗೆ ಜಗುಲಿಯೇ ಸಮಾಧಾನದ ಉಸಿರು ಬಿಟ್ಟಿತು. ಜೀಪು ಹೋದ ಮೇಲೆ ಲಿಲ್ಲಿ ಬಾಯಿ ಹತ್ತಿರ ಬಂದು, "ಒಳ್ಳೇದು ಮಾಡಿದ್ರಿ ಮೇಷ್ಟ್ರೆ, ಪಾಪ, ಅವರಿಗೂ ಸಂಸಾರ ಐತೆ" ಎಂದಳು. ತನ್ನ ಕೆಲಸಕ್ಕೆ ಕಲ್ಲು ಹಾಕಿದವನನ್ನು ಹೊಗಳುವುದಕ್ಕೂ ಒಂದು ಮಿತಿ ಬೇಡವೇ? ನನಗೆ ಅಳು ಬಂತು.

ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಈಗ ಸಂಜೆಯಾದರೆ ನಾನೇ ಆ ಇಂಗ್ಲಿಷ್ ಪಾಠಗಳನ್ನು ಕನ್ನಡಕ್ಕೆ ಮಾಡಿ, ಕೈಯಲ್ಲಿ ಬರೆದು ಆಕೆಗೆ ಕೊಡುತ್ತಿದ್ದೇನೆ. ತಿದ್ದಲು, ಹಂಚಲು ಯಾರನ್ನೂ ಕೇಳಬೇಕಾಗಿಲ್ಲವಲ್ಲ. ಪರೀಕ್ಷೆ ಹತ್ತಿರ ಬಂದಿದೆ. ಬೆನ್ನು ಮುರಿಯುವಷ್ಟು ಬರೆದಿದ್ದೇನೆ, ಇಷ್ಟಾದರೂ ಸಾರ್ಥಕವಾಯಿತೆಂದು ಹೆಮ್ಮೆಯೂ ಹುಟ್ಟಿತ್ತು. ನಿನ್ನೆ ಸುಮ್ಮನೆ ಕೇಳಿದೆ, "ನನ್ನ ಅಕ್ಷರ ಓದೋಕೆ ಆಗುತ್ತೇನಮ್ಮ?"

ಲಿಲ್ಲಿ ಬಾಯಿ ಹಾಳೆಯನ್ನು ಕಣ್ಣಿಗೊತ್ತಿಕೊಂಡು, ನಗುನಗುತ್ತಾ, "ಏನೂ ತೊಂದ್ರೆ ಇಲ್ಲ ಮೇಷ್ಟ್ರೆ" ಎಂದಳು.