ಮೊಟ್ಟೆ ಸಾಬರ ಬೀದಿಗೆ ಡಾಂಬರು ಬಂದದ್ದು

ರಸ್ತೆ ಮಾಡಿಸುವ ಕೆಲಸದಲ್ಲಿ ಇರುವವರು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಟೇಪು ಹಿಡಿದು ಬೀದಿಗೆ ಇಳಿದರೆ ಸಾಕು, ಸಂಜೆಯೊಳಗೆ ಏನಾದರೊಂದು ಆಗಿಯೇ ಆಗುತ್ತದೆ. ನಾನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕೂ ಊರುಗಳಲ್ಲಿ ಜೂನಿಯರ್ ಇಂಜಿನಿಯರ್ ಆಗಿ ಟೇಪು ಹಿಡಿದವಳು. ಇಪ್ಪತ್ತು ವರ್ಷ ಆಯಿತು, ಇನ್ನೂ ಜೂನಿಯರ್ರೇ. ಈಗ ಹೇಳಹೊರಟಿರುವುದು ಇತ್ತೀಚೆಗೆ ಒಂದೇ ಬೀದಿಯಲ್ಲಿ ನಡೆದದ್ದು. ಯಾವ ಊರು ಎಂದು ಮಾತ್ರ ಕೇಳಬೇಡಿ. ಹುಣಸೂರಿನವರು ಇದು ಪಿರಿಯಾಪಟ್ಟಣದ್ದೇ ಇರಬೇಕು ಎಂದುಕೊಳ್ಳಲಿ, ಪಿರಿಯಾಪಟ್ಟಣದವರು ಕೋಟೆ ಎಂದುಕೊಳ್ಳಲಿ, ಕೋಟೆಯವರು ಕೆ.ಆರ್. ನಗರದ ಕಡೆ ಬೆರಳು ತೋರಿಸಲಿ. ಎಲ್ಲರಿಗೂ ಸಂತೋಷ, ನನಗೂ ವರ್ಗಾವಣೆ ತಪ್ಪುತ್ತದೆ.

ಬೀದಿ ಉದ್ದ ಇನ್ನೂರು ಮೀಟರ್. ಒಂದು ತುದಿಯಲ್ಲಿ ಪೇಟೆಯ ದೊಡ್ಡ ರಸ್ತೆ, ಇನ್ನೊಂದು ತುದಿಯಲ್ಲಿ ಹೊಲ. ಹೊಲದ ತುದಿಯಲ್ಲಿ ಮೊಟ್ಟೆ ಸಾಬರ ಮನೆ. ಅವರು ದಿನಾ ಬೆಳಿಗ್ಗೆ ಹಳೇ ಸ್ಕೂಟರಿನ ಹಿಂದೆ ಮೊಟ್ಟೆಯ ಟ್ರೇಗಳನ್ನು ಆಳೆತ್ತರಕ್ಕೆ ಕಟ್ಟಿಕೊಂಡು ಪೇಟೆಯ ಅಂಗಡಿಗಳಿಗೆ ಹೊರಡುತ್ತಾರೆ. ನಡುವೆ ಗುಂಡಿಗಳು. ಪೇಟೆಯ ತುದಿಯ ಮೂಲೆಮನೆಯ ಹತ್ತಿರ ನಿಲ್ಲಿಸಿ ಟ್ರೇ ನೋಡುತ್ತಾರೆ. ಬಿರುಕು ಬಿಟ್ಟ ಮೊಟ್ಟೆಗಳನ್ನು ಆ ಮೂಲೆಮನೆಯಮ್ಮ ಬಟ್ಟಲು ಹಿಡಿದು ಬಂದು ಅರ್ಧ ರೇಟಿಗೆ ತೆಗೆದುಕೊಳ್ಳುತ್ತಾರೆ. ಇದು ಎಷ್ಟೋ ವರ್ಷದ ಏರ್ಪಾಡು.

ಸಾಬರು ನನಗೆ ಎಂದೂ ಗುಂಡಿಯ ದೂರು ಹೇಳಿದವರಲ್ಲ. ಎದುರಿಗೆ ಸಿಕ್ಕರೆ ಒಡೆದ ಮೊಟ್ಟೆಯ ಲೆಕ್ಕ ಹೇಳುತ್ತ, "ಇವತ್ತು ಒಂಬತ್ತು ಕಣಮ್ಮ," ಎನ್ನುತ್ತಿದ್ದರು. ಮಳೆಯ ಮಾರನೇ ದಿನ, "ಇವತ್ತು ಹದಿನಾಲ್ಕು." ಅಷ್ಟೇ. ಹೋದ ವರ್ಷ ಒಂದು ದಿನ ಸ್ಕೂಟರಿನ ಸೀಟಿನಿಂದ ಹಳದಿ ಲೋಳೆ ಒರೆಸುತ್ತ ನಿಂತಿದ್ದರು.

"ಬರೋ ಮಾರ್ಚಿಗೂ ರೋಡ್ ಆಗ್ನಿಲ್ಲ ಅಂದ್ರೆ ಮೊಟ್ಟೆ ಬುಟ್ಬುಡ್ತೀನಿ ಕಣಮ್ಮ. ನಮ್ಮಪ್ಪನ ಕಾಲದ ವ್ಯಾಪಾರ. ಏನ್ ಮಾಡನ. ಪ್ಲಾಸ್ಟಿಕ್ ಬಕೀಟು ಮಾರ್ತೀನಿ. ಅವು ಬಿದ್ರೂ ಎದ್ದು ಕುಂತ್ಕತವೆ."

ಬಾಯಿ ನಗುತ್ತಿತ್ತು, ಒರೆಸುವ ಕೈ ನಗುತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಬರುವ ಮಾರ್ಚಿನೊಳಗೆ ಮಾಡಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ಜೂನಿಯರ್ ಇಂಜಿನಿಯರುಗಳು ಕೊಡಬಾರದ ವಸ್ತು ಅದು.

ತೆರಿಗೆ ಯಾರದ್ದು

ಬೀದಿಗೆ ದುಡ್ಡು ಮಂಜೂರಾದ ಸುದ್ದಿ ಟೀ ಅಂಗಡಿಗೆ ನನಗಿಂತ ಮೊದಲೇ ತಲುಪಿತ್ತು. ಆ ಬೀದಿಯಲ್ಲೇ ಇರುವ ನಿವೃತ್ತ ಮೇಷ್ಟ್ರೊಬ್ಬರು, ಪ್ರತಿ ಏಪ್ರಿಲ್ಲಿನಲ್ಲಿ ಎಲ್ಲರಿಗಿಂತ ಮೊದಲು ಮನೆ ಕಂದಾಯ ಕಟ್ಟಿ ರಸೀದಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುವವರು, ಇದೆಲ್ಲ ತಮ್ಮ ಕಂದಾಯದಿಂದಲೇ ಆಗುತ್ತಿದೆ ಎಂದು ಭಾಷಣ ಮಾಡುತ್ತಿದ್ದರು.

ನಾನು ಬಿಡಿಸಿ ಹೇಳಿದೆ. ಮನೆ ಕಂದಾಯ ಬೀದಿದೀಪಕ್ಕೂ ಕಸದ ಗಾಡಿಗೂ ಸಾಲುವುದಿಲ್ಲ. ಇದು ರಾಜ್ಯದಿಂದ ಬಂದ ದುಡ್ಡು. ನಾವು ಸೋಪು ಕೊಂಡಾಗ, ಪೆಟ್ರೋಲು ಹಾಕಿಸಿದಾಗ, ಜಮೀನು ರಿಜಿಸ್ಟರ್ ಮಾಡಿಸಿದಾಗ ರಾಜ್ಯಕ್ಕೆ ತೆರಿಗೆ ಹೋಗುತ್ತದೆ. ರಾಜ್ಯ ಅದರಲ್ಲಿ ಒಂದು ಪಾಲನ್ನು ಊರೂರಿಗೆ ವಾಪಸ್ ಹಂಚುತ್ತದೆ. ನಮ್ಮ ಪಾಲಿನಲ್ಲಿ ಈ ಸಲ ಈ ಬೀದಿ ಸೇರಿದೆ. ಮಾರ್ಚ್ ಮುಗಿಯುವುದರೊಳಗೆ ರಸ್ತೆಯಾಗಿ, ತಪಾಸಣೆಯವರ ವರದಿಯೂ ಸೇರಬೇಕು. ಇಲ್ಲದಿದ್ದರೆ ದುಡ್ಡು ಬಂದ ದಾರಿಯಲ್ಲೇ ವಾಪಸ್.

ಮೇಷ್ಟ್ರು ಸೋಲುವವರಲ್ಲ. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಸಾಬರ ಕಡೆ ತಿರುಗಿದರು. "ಮೊಟ್ಟೆ ಮೇಲೆ ತೆರಿಗೆ ಇಲ್ಲ. ಅಂಗಾದ್ರೆ ಈ ರೋಡಲ್ಲಿ ಸಾಬರ ಪಾಲು ಏನೂ ಇಲ್ಲ ಅಂದಂಗಾಯ್ತು."

ಸಾಬರು ಲೋಟ ಕೆಳಗಿಟ್ಟರು. "ಮೇಷ್ಟ್ರೇ, ನಿಮ್ ಗಾಡಿ ವಾರಕ್ಕೊಂದ್ ದಿನ ಈಚೆಗೆ ಬತ್ತದೆ. ನಾನು ದಿನಾ ಈ ಗುಂಡೀಲೆಲ್ಲ ಫಸ್ಟ್ ಗೇರಲ್ಲೇ ಓಯ್ತೀನಿ. ನಿಮ್ ಎರಡರಷ್ಟು ಪೆಟ್ರೋಲು ಸುಡ್ತೀನಿ. ಎಲ್ಲಾದ್ಕೂ ತೆರಿಗೆ ಕಟ್ತೀನಿ. ಈ ಗುಂಡಿಗೋಳು ಇಲ್ದೆ ಓಗಿದ್ರೆ ಸರ್ಕಾರಕ್ಕೆ ಇಷ್ಟ್ ದುಡ್ಡೇ ಬತ್ತಿರ್ನಿಲ್ಲ."

ಮೇಷ್ಟ್ರು ಬಹಳ ಹೊತ್ತು ಲೆಕ್ಕ ಹಾಕಿ ನನ್ನನ್ನು ಕೇಳಿದರು: "ಅಂಗಾದ್ರೆ ಗುಂಡಿ ಮುಚ್ಚಿದ್ರೆ ಸರ್ಕಾರಕ್ಕೆ ನಷ್ಟ ಅಲ್ವೇನಮ್ಮ?"

ಗುಂಡಿಯ ಫೋಟೋ

ಕೆಲಸ ಶುರುವಾಗುವ ಮೊದಲು ಗುಂಡಿಗಳ ಫೋಟೋ ತೆಗೆದು ಮೇಲಕ್ಕೆ ಕಳಿಸಬೇಕು. ಗುಂಡಿ ಇಲ್ಲದೆ ರಸ್ತೆ ಇಲ್ಲ. ನಾಳೆ ಹತ್ತು ಗಂಟೆಗೆ ಬಂದು ಫೋಟೋ ಹಿಡಿಯುತ್ತೇನೆ ಎಂದು ಮೂಲೆಮನೆಯಮ್ಮನಿಗೆ ಹೇಳಿ ಬಂದೆ. ಅಲ್ಲೇ ತಪ್ಪು ಮಾಡಿದೆ.

ನಮ್ಮ ಕಡೆ ಯಾರಾದರೂ ಮನೆಗೆ ಬರುತ್ತಾರೆ ಎಂದರೆ ಜನ ಸುಮ್ಮನೆ ಕೂರುವುದಿಲ್ಲ. ಮಾರನೇ ದಿನ ಹೋಗಿ ನೋಡುತ್ತೇನೆ, ಬೀದಿ ನುಣ್ಣಗಾಗಿದೆ. ಹೊಲದಿಂದ ಕೆಮ್ಮಣ್ಣು ತಂದು ಎಲ್ಲಾ ಗುಂಡಿಗೂ ತುಂಬಿ, ದಮ್ಮಸ್ಸು ಮಾಡಿ, ನೀರು ಚಿಮುಕಿಸಿ, ಉದ್ದಕ್ಕೂ ರಂಗೋಲಿ ಬಿಟ್ಟಿದ್ದಾರೆ. ದೊಡ್ಡ ಗುಂಡಿ ಇದ್ದ ಜಾಗದಲ್ಲಿ ದೊಡ್ಡ ರಂಗೋಲಿ.

ಮೂಲೆಮನೆಯಮ್ಮ ಸೊಂಟ ಹಿಡಿದುಕೊಂಡು ಬಂದರು. "ರಾತ್ರಿನೇ ಕುಂತು ಎಲ್ಲರ್ಗೂ ಹೇಳ್ದೆ ಕಣಮ್ಮ. ನಮ್ ಬೀದಿ ಫೋಟೋ ಬೆಂಗಳೂರಿಗೆ ಓಯ್ತದೆ, ಅಸಯ್ಯವಾಗಿ ಕಾಣ್ಬಾರ್ದು ಅಂತ. ಎಂಗೈತೆ?"

"ತುಂಬ ಚೆನ್ನಾಗಿದೆ ಅಮ್ಮ. ಈ ಫೋಟೋ ಹೋದರೆ ಮುಂದಿನ ಹತ್ತು ವರ್ಷ ನಿಮಗೆ ರಸ್ತೆ ಕೊಡೋದಿಲ್ಲ."

ವಿಷಯ ತಿಳಿದಾಗ ಆಕೆಗೆ ಕೋಪ ಬಂತು, ನನ್ನ ಮೇಲಲ್ಲ, ಬೆಂಗಳೂರಿನ ಮೇಲೆ. "ಗಲೀಜಾಗಿದ್ರೆ ದುಡ್ಡು, ಚೆನ್ನಾಗಿಟ್ಕಂಡ್ರೆ ಇಲ್ವಾ? ಇದ್ಯಾವ ನ್ಯಾಯ ಕಣಮ್ಮ."

ತುಂಬಿದ ಮಣ್ಣನ್ನು ಮತ್ತೆ ಅಗೆಯಿರಿ ಎಂದು ಯಾವ ಬಾಯಲ್ಲಿ ಹೇಳಲಿ? ಅಷ್ಟರಲ್ಲಿ ಸಾಬರ ಸ್ಕೂಟರು ಬಂತು. ಹಿಂದೆ ಆಳೆತ್ತರದ ಟ್ರೇಗಳ ಭಾರ. ಮೊದಲನೇ ರಂಗೋಲಿಯ ಮೇಲೆ ಬಂದ ಕೂಡಲೇ ಹಸಿ ಮಣ್ಣು ಕುಸಿದು ಮುಂದಿನ ಚಕ್ರ ಅರ್ಧಕ್ಕೆ ಇಳಿಯಿತು. ನಾನು ಓಡಿಹೋಗಿ ಹಿಡಿದುಕೊಂಡೆ, ಆಮೇಲೆ ಫೋನು ತೆಗೆದು ಆರು ಫೋಟೋ ಹಿಡಿದೆ.

ಮೇಲಿನ ಕಚೇರಿಯಿಂದ ಒಂದೇ ಒಂದು ಪ್ರಶ್ನೆ ಬಂತು: ಗುಂಡಿಯ ಸುತ್ತ ಹೂವಿನ ಚಿತ್ರ ಏಕಿದೆ?

ಗುದ್ದಲಿ ಪೂಜೆ

ಫೋಟೋ ಪಾಸಾಗಿ ಗುದ್ದಲಿ ಪೂಜೆಯ ದಿನ ಬಂತು. ದುಡ್ಡು ಎಲ್ಲರ ಸೋಪಿನಿಂದ ಬಂದದ್ದು, ಆದರೆ ಅದನ್ನು ತಂದವರು ನಾವೇ ಎಂದು ಊರಿನ ಎರಡು ಗುಂಪಿನವರೂ ಹೇಳುತ್ತಿದ್ದರು. ಆದ್ದರಿಂದ ಎರಡು ಪೂಜೆ. ರಾಹುಕಾಲಕ್ಕೆ ಮೊದಲು ಒಂದು ಗುಂಪು, ಆಮೇಲೆ ಇನ್ನೊಂದು ಗುಂಪು. ಜಾಗ ಮಾತ್ರ ಒಂದೇ, ಏಕೆಂದರೆ ಈಶಾನ್ಯ ಮೂಲೆ ಒಂದೇ ಇರುವುದು.

ಮೊದಲು ಮುಖಂಡರು ಒಂದು ಏಟು ಹಾಕಿದರು. ಆಮೇಲೆ ಅವರ ಹಿಂದೆ ಬಂದಿದ್ದ ಪ್ರತಿಯೊಬ್ಬರೂ ಫೋಟೋಗೆ ಒಂದೊಂದು ಏಟು. ಫೋಟೋ ಸರಿಯಾಗಿ ಬರದವರು ಎರಡೆರಡು. ಮಧ್ಯಾಹ್ನದ ಗುಂಪಿನವರು ನಾವೇನು ಕಡಿಮೆ ಎಂದು ಹಾರೆಯನ್ನೂ ತಂದಿದ್ದರು. ಸಂಜೆ ಎಲ್ಲರೂ ಹೋದ ಮೇಲೆ ನೋಡಿದರೆ ಮೊಣಕಾಲುದ್ದ ಹಳ್ಳ.

ಗುತ್ತಿಗೆದಾರ ಇಣುಕಿ ನೋಡಿ ತಲೆಯಾಡಿಸಿದ. "ಮೇಡಂ, ಈ ಗುಂಡಿ ನನ್ ಎಸ್ಟಿಮೇಟಲ್ಲಿ ಇಲ್ಲ."

ಮಾರನೇ ಬೆಳಿಗ್ಗೆ ಸಾಬರು ಸಿಕ್ಕಿದರು. ಅಂಗಿಯ ಮೇಲೆಲ್ಲ ಲೋಳೆ. "ಅಳೇ ಗುಂಡಿಗೋಳು ಎಲ್ಲೆಲ್ಲವೆ ಅಂತ ಗೊತ್ತಿತ್ತು ಕಣಮ್ಮ. ಇದು ಒಸಾದು. ಪೂರ್ತಿ ಒಂದು ಟ್ರೇ."

ಬಟ್ಟಲಿನ ಬದಲು ಬಕೆಟ್ಟನ್ನೇ ತಂದಿದ್ದ ಮೂಲೆಮನೆಯಮ್ಮ ಸಮಾಧಾನ ಹೇಳಿದರು: "ಪೂಜೆ ಮಾಡ್ಸ್ಕಂಡಿರೋ ಗುಂಡಿ ಅಲ್ವಾ ಸಾಬ್ರೇ, ಏನಾರ ಕೇಳೇ ಕೇಳ್ತದೆ."

ರಸ್ತೆ ಎಲ್ಲಿದೆ?

ಜನವರಿ ಕೊನೆಗೆ ಡಾಂಬರು ಬಿತ್ತು. ಚೆನ್ನಾಗಿಯೇ ಬಿತ್ತು. ಗುತ್ತಿಗೆದಾರನ ಬೆನ್ನ ಹಿಂದೆ ಮೂರು ದಿನ ಬಿಸಿಲಿನಲ್ಲಿ ನಿಂತು ಮಾಡಿಸಿದೆ. ಉಳಿದದ್ದು ತಪಾಸಣೆ. ಮೈಸೂರಿನಿಂದ ಒಬ್ಬ ಅಧಿಕಾರಿ ಬಂದು, ರಸ್ತೆ ನೋಡಿ, ಮೂರು ಕಡೆ ಚಿಕ್ಕ ತೂತು ಕೊರೆದು ದಪ್ಪ ಅಳೆದು, ವರದಿ ಬರೆಯಬೇಕು. ಫೆಬ್ರವರಿ ಮೊದಲಲ್ಲಿ, ಬೀದಿಗೆ ಗಾಡಿ ಬಿಟ್ಟ ದಿನವೇ, ಅವರ ಜೀಪು ಬಂತು. ಕನ್ನಡಕ, ಟೋಪಿ, ಕೈಯಲ್ಲಿ ಸ್ಟೀಲಿನ ಅಳತೆಪಟ್ಟಿ. ಮಾತು ಬಹಳ ಕಡಿಮೆ.

"ಎರಡು ಗಂಟೆಗೆ ಸರಗೂರಲ್ಲಿರಬೇಕು. ಇವತ್ತು ಆಗದಿದ್ದರೆ ನಿಮ್ಮ ಊರಿನ ಸರದಿ ಮತ್ತೆ ಏಪ್ರಿಲ್ಲಿಗೆ," ಎಂದರು.

ಏಪ್ರಿಲ್ ಎಂದರೆ ದುಡ್ಡು ವಾಪಸ್, ಗುತ್ತಿಗೆದಾರನ ಬಿಲ್ಲು ನಿಂತು ಅವನು ಕೋರ್ಟಿಗೆ, ನಾನು ನೋಟಿಸಿಗೆ. ಈ ಬೀದಿಗಂತೂ ಮತ್ತೆ ಯಾರೂ ಕೈ ಹಾಕುವುದಿಲ್ಲ. ಬನ್ನಿ ಸರ್ ಎಂದು ಬೀದಿಯ ತಿರುವಿಗೆ ಕರೆದುಕೊಂಡು ಹೋದೆ.

"ರಸ್ತೆ ಎಲ್ಲಿದೆ?" ಎಂದರು ಅಧಿಕಾರಿ.

ರಸ್ತೆ ಇರಲಿಲ್ಲ. ಆ ತುದಿಯಿಂದ ಈ ತುದಿಯವರೆಗೆ ಮೊಣಕಾಲೆತ್ತರ ಹುರುಳಿ ಗಿಡ ಹರವಿತ್ತು. ಆ ಬೀದಿಯವರಿಗೆಲ್ಲ ಊರಾಚೆ ಒಂದೆರಡು ಎಕರೆ ಹೊಲ ಇದೆ. ಪ್ರತಿ ವರ್ಷ ಒಣಗಿದ ಹುರುಳಿಯನ್ನು ಹೊತ್ತುಕೊಂಡು ಹೋಗಿ ಹೈವೇ ಮೇಲೆ ಹರವುತ್ತಿದ್ದರು. ಬಸ್ಸು ಲಾರಿ ಹರಿದರೆ ಕಾಳು ಉದುರುತ್ತದೆ, ಒಕ್ಕಣೆ ಆದಂತೆಯೇ. ಪೊಲೀಸರ ಕೈಲಿ ಬೈಸಿಕೊಳ್ಳುವುದೂ ಪ್ರತಿ ವರ್ಷದ್ದೇ. ಈ ಸಲ ಮನೆ ಮುಂದೆಯೇ ಡಾಂಬರು ಬಂದಿರುವಾಗ ಹೈವೇಗೆ ಏಕೆ ಹೋಗುತ್ತಾರೆ? ಇದು ನನಗೆ ಹೊಳೆದೇ ಇರಲಿಲ್ಲ.

"ಅಮ್ಮ, ದಯವಿಟ್ಟು ತೆಗೆಸಿ. ಸಾಹೇಬರು ರಸ್ತೆ ನೋಡಬೇಕು," ಎಂದೆ ಮೂಲೆಮನೆಯಮ್ಮನಿಗೆ.

"ಈಗ ತೆಗುದ್ರೆ ಅರ್ಧ ಕಾಳು ಗಿಡದಲ್ಲೇ ಉಳ್ಕತದೆ. ನೀವೇ ತಾನೆ ಏಳಿದ್ದು, ನಮ್ ತೆರಿಗೆ ದುಡ್ಡಿನ ರೋಡು ಅಂತ? ಅದ್ಕೇ ಅರವಿದ್ದೀವಿ." ಆಮೇಲೆ ಅಧಿಕಾರಿಯ ಹಿಂದೆ ನಿಂತಿದ್ದ ಜೀಪನ್ನು ನೋಡಿದರು. "ಗಾಡಿಗೋಳೇ ಬತ್ತಿಲ್ಲ ಇವತ್ತು. ಸಾ, ನಿಮ್ ಜೀಪು ಸುಮ್ನೆ ನಿಂತದಲ್ಲ. ಒಂದಿಪ್ಪತ್ ಸಲ ಓಡಾಡ್ಸ್ಬುಟ್ರೆ ಗಂಟೇಲಿ ಮುಗ್ದೋಯ್ತದೆ."

ಅಧಿಕಾರಿ ಗಡಿಯಾರ ನೋಡಿಕೊಂಡರು, ಹುರುಳಿ ನೋಡಿದರು, ಜೀಪು ಹತ್ತಿದರು. ನನ್ನನ್ನೂ ಹತ್ತಿಸಿಕೊಂಡರು. ಜೀಪು ಹೋಯಿತು, ಬಂತು, ಹೋಯಿತು, ಬಂತು. ಎರಡೂ ಕಡೆ ಹೆಂಗಸರು ಕೋಲಿನಿಂದ ಗಿಡ ತಿರುವಿ ಹಾಕುತ್ತಿದ್ದರು. ಆರನೇ ಸುತ್ತಿಗೆ ಅಧಿಕಾರಿ ಪೆನ್ನು ತೆಗೆದರು. "ರಸ್ತೆ ಚೆನ್ನಾಗಿದೆಯಲ್ರೀ. ಒಂದು ಜರ್ಕೂ ಇಲ್ಲ."

ನನ್ನ ಬಾಯಿ ಸುಮ್ಮನಿರಬಾರದೇ? "ಹುರುಳಿ ಮೇಲೆ ಹೋಗ್ತಾ ಇದೀವಲ್ಲ ಸರ್," ಎಂದುಬಿಟ್ಟೆ.

"ಅದೂ ಹೌದು," ಎಂದು ಪೆನ್ನು ಒಳಗಿಟ್ಟರು.

ಒಂದು ಗಂಟೆಯೊಳಗೆ ಒಕ್ಕಣೆ ಮುಗಿದು, ಗಿಡ ಎತ್ತಿ ಬದಿಗೆ ಹಾಕಿ, ಕಾಳು ಗುಡಿಸಿ ರಾಶಿ ಮಾಡಿದರು. ಮೂಲೆಮನೆಯಮ್ಮ ಒಂದು ಮೊರ ತುಂಬ ಕಾಳು ಕೇರಿ ತಂದು ಅಧಿಕಾರಿಯ ಮುಂದೆ ಹಿಡಿದರು.

"ನೋಡಿ ಸಾ. ಐವೇಲಿ ಒಕ್ಕಿದ್ರೆ ಸೇರಿಗೊಂದ್ ಮುಷ್ಟಿ ಕಲ್ಲು ಆರಿಸ್ಬೇಕು. ಇದ್ರಲ್ಲಿ ಒಂದ್ ಕಲ್ಲು ತೋರ್ಸಿ. ಡಾಂಬರು ಗಟ್ಟಿ ಇಲ್ದೆ ಓಗಿದ್ರೆ ಇಷ್ಟೊತ್ಗೆ ಜಲ್ಲಿಯೆಲ್ಲ ಕಿತ್ಕಂಡು ಕಾಳಿನ್ ಒಳ್ಗೇ ಬಂದಿರದು."

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಬೆರಳಾಡಿಸಿದರು. ಒಂದು ಕಪ್ಪು ಚೂರು ಸಿಕ್ಕಿತು. ಎತ್ತಿ ಬೆಳಕಿಗೆ ಹಿಡಿದರು. ಜಲ್ಲಿಯೇ ಇರಬೇಕು ಎಂದುಕೊಂಡೆ. ಅವರು ಅದನ್ನು ಬಾಯಿಗೆ ಹಾಕಿಕೊಂಡು ಕಡಿದರು. ಇಡೀ ಬೀದಿ ಅವರ ದವಡೆಯನ್ನೇ ನೋಡುತ್ತಿತ್ತು.

"ಹುರುಳಿ," ಎಂದರು.

ಆಮೇಲೆ ಮೂರು ಕಡೆ ಕೊರೆದು ದಪ್ಪ ನೋಡಿದರು. ಅದೂ ಸರಿಯಾಗಿತ್ತು. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ವರದಿಗೆ ಸಹಿ ಹಾಕಿದರು. ಹೊರಡುವಾಗ ಮೂಲೆಮನೆಯಮ್ಮ ಎರಡು ಸೇರು ಹುರುಳಿಯ ಗಂಟನ್ನು ಜೀಪಿನೊಳಗೆ ಇಡಲು ಬಂದರು. ಅಧಿಕಾರಿ ಗಾಬರಿಯಾಗಿ ಕೈ ಅಡ್ಡ ಹಿಡಿದರು. "ಇದೆಲ್ಲ ತಗೊಳ್ಳೋ ಹಾಗಿಲ್ಲಮ್ಮ. ಲಂಚ ಆಗುತ್ತೆ."

"ಯಾರ್ ಸಾ ಲಂಚ ಅಂದಿದ್ದು? ಒಕ್ಕಿ ಕೊಟ್ರಲ್ಲ, ಅದ್ರ ಕೂಲಿ."

ಸೊನ್ನೆ

ಮಾರನೇ ಬೆಳಿಗ್ಗೆ ಬೇಕೆಂದೇ ಆ ಬೀದಿಗೆ ಹೋದೆ. ಹೊಸ ಡಾಂಬರಿನ ಮೇಲೆ ಮೊದಲ ಸಲ ಸಾಬರ ಸ್ಕೂಟರು ಹೊಲದ ತುದಿಯಿಂದ ಬರುತ್ತಿತ್ತು. ನುಣ್ಣನೆ ರಸ್ತೆಯಲ್ಲಿ ಎಡಕ್ಕೆ ವಾಲುತ್ತದೆ, ಬಲಕ್ಕೆ ವಾಲುತ್ತದೆ, ಮೇಷ್ಟ್ರ ಮನೆ ಎದುರು ಪೂರ್ತಿ ನಿಂತು ಮತ್ತೆ ಹೊರಡುತ್ತದೆ.

"ಗುಂಡಿ ಇಲ್ವಲ್ಲ ಸಾಬ್ರೇ, ಯಾಕೆ ಹಂಗೆ ತಿರುಗಿಸ್ತೀರಿ?"

"ನಂಗೊತ್ತು ಕಣಮ್ಮ. ಗಾಡಿಗೆ ಇನ್ನೂ ಗೊತ್ತಾಗಿಲ್ಲ."

ಮೂಲೆಮನೆ ಹತ್ತಿರ ನಿಲ್ಲಿಸಿ ಒಂದೊಂದೇ ಟ್ರೇ ಎತ್ತಿ ನೋಡಿದರು. ಎರಡನೇ ಸಲ ಮತ್ತೆ ಮೊದಲಿಂದ ನೋಡಿದರು. "ಇವತ್ತು ಸೊನ್ನೆ ಕಣಮ್ಮ," ಎಂದರು. ಪ್ಲಾಸ್ಟಿಕ್ ಬಕೆಟ್ಟಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಇಪ್ಪತ್ತು ವರ್ಷದ ಕೆಲಸದಲ್ಲಿ ಇಂಥ ಬೆಳಿಗ್ಗೆಗಳು ಹೆಚ್ಚು ಸಿಕ್ಕಿಲ್ಲ, ಆವತ್ತು ನಾನು ಪರಮ ಸುಖಿಯಾಗಿದ್ದೆ.

ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತಿದ್ದ ಮೂಲೆಮನೆಯಮ್ಮ ಮಾತ್ರ, "ಒಂದೂ ಇಲ್ವಾ?" ಎಂದು ಕೇಳಿ ಒಳಗೆ ಹೋದರು.

ಹತ್ತು ದಿನ ಬಿಟ್ಟು ಆಕೆ ನಮ್ಮ ಆಫೀಸಿಗೆ ಬಂದರು. ಕೈಯಲ್ಲಿ ಮೇಷ್ಟ್ರ ಅಕ್ಷರದಲ್ಲಿ ಬರೆಸಿದ ಅರ್ಜಿ. ಬರುವ ವರ್ಷ ರಾಜ್ಯದಿಂದ ಬರುವ ತೆರಿಗೆ ಪಾಲಿನಲ್ಲಿ ತಮ್ಮ ಬೀದಿಗೆ ಒಂದು ಹಂಪು ಹಾಕಿಸಿಕೊಡಬೇಕು.

"ಎಲ್ಲಿಗಮ್ಮ?"

"ನಮ್ಮನೆ ಎದ್ರುಗೇ. ರೋಡ್ ಚೆಂದಾಯ್ತಲ್ಲ, ಎಲ್ಲಾ ಜೋರಾಗ್ ಬತ್ತವ್ರೆ. ಮಕ್ಳು ಮರಿ ಓಡಾಡ್ತವೆ."

"ನಿಮ್ಮ ಮನೇಲಿ ಮಕ್ಕಳು ಯಾರಿದ್ದಾರೆ?"

"ಬೀದೀಲಿ ಅವೆಯಲ್ಲ ಬುಡಿ."

ಹಂಪಿಗೂ ಅಳತೆ ಬರೆಯಬೇಕು. ಪೆನ್ನು ತೆಗೆದು ಕೇಳಿದೆ. "ಎಷ್ಟು ಎತ್ತರ ಬೇಕು?"

ಆಕೆ ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿ, ಮೇಜಿನ ಮೇಲೆ ಬಗ್ಗಿ ದನಿ ತಗ್ಗಿಸಿದರು.

"ಸಾಬ್ರಿಗೆ ಜಾಸ್ತಿ ನಷ್ಟ ಆಗ್ಬಾರ್ದು ಕಣಮ್ಮ. ದಿನಕ್ಕೆ ಎಲ್ಡು ಮೊಟ್ಟೆ ಒಡೆಯೋ ಅಷ್ಟು ಇದ್ರೆ ಸಾಕು."