ಮೈನಾಳ ಹುರಳಿ, ನನ್ನ ಸಾರು

ಉಪದೇಶ ಮಾಡುವ ಚಟ ಎಲೆ-ಅಡಿಕೆಯ ಚಟಕ್ಕಿಂತ ಕೆಟ್ಟದ್ದು. ಎಲೆ-ಅಡಿಕೆಗೆ ಕಾಸಾದರೂ ಬೇಕು; ಉಪದೇಶಕ್ಕೆ ಎದುರಿಗೊಬ್ಬ ಬಡಪಾಯಿ ಸಿಕ್ಕರೆ ಸಾಕು. ನಾನು ಕಚೇರಿಯಲ್ಲಿ ಕಾರಕೂನ. ಅಲ್ಲಿ ಎಲ್ಲರೂ ನನಗೇ ಬುದ್ಧಿ ಹೇಳುವವರು. ಹೀಗಾಗಿ ಸಂಜೆ ಕಮರಿಪೇಟೆಯ ಮನೆ ಮುಟ್ಟುವ ಹೊತ್ತಿಗೆ ನನ್ನ ಬಾಯಿ ತುರಿಸುತ್ತಿರುತ್ತಿತ್ತು. ನನ್ನ ಕೈಗೆ ಸಿಕ್ಕ ಬಡಪಾಯಿ ನೆರೆಮನೆಯ ಟಾಂಗಾ ಗುರಪ್ಪ.

ಅವನ ಕುದುರೆ ಮೈನಾ ಒಂದು ಕಾಲಕ್ಕೆ ಸ್ಟೇಷನ್ ರಸ್ತೆಯ ಚೆಲುವೆ. ಆ ವರ್ಷ ಮಾತ್ರ ಸೊರಗುತ್ತ ಸೊರಗುತ್ತ ಪಕ್ಕೆಲುಬು ಎಣಿಸುವಂತಾಗಿದ್ದಳು. ಲಾಯಸನ್ಸಿನ ತಪಾಸಣೆಗೆ ಬಂದ ದನದ ಡಾಕ್ಟರರು ಅವಳ ಮೈಮೇಲೆ ಕೈಯಾಡಿಸಿ, "ಒಂದು ತಿಂಗಳು ಟೈಮ್ ಕೊಡತೇನಿ. ಅಷ್ಟರಾಗ ಮೈ ತುಂಬಲಿಲ್ಲಂದ್ರ ಲಾಯಸನ್ಸ್ ಇಲ್ಲ" ಅಂದುಬಿಟ್ಟರು. ಟಾಂಗಾ ನಿಂತರೆ ಗುರಪ್ಪನ ಮನೆಯ ಒಲೆಯೂ ನಿಂತ ಹಾಗೆ. ಅವನು ನಮ್ಮ ಕಟ್ಟೆಯ ಮೇಲೆ ಕೂತು, "ಕಾರಕೂನರ, ದಿನಾ ಎರಡೂ ಹೊತ್ತು ಹುರಳಿ ಹಾಕತೇನ್ರಿ. ಹಲ್ಲು ಗಟ್ಟಿ ಅದಾವು, ಜಡ್ಡಿಲ್ಲ, ಜಾಪತ್ರಿಲ್ಲ. ತಿಂದದ್ದು ಎಲ್ಲಿ ಹೊಂಟೈತೋ ಆ ಶಿವನಿಗೇ ಗೊತ್ತು" ಎಂದು ಕಣ್ಣೊರೆಸಿಕೊಂಡ. ನನಗೆ ಖರೇನೇ ಸಂಕಟವಾಯಿತು. ಸುಳ್ಳೇಕೆ ಹೇಳಲಿ, ಒಳಗೊಳಗೇ ಖುಷಿಯೂ ಆಯಿತು. ಇಂಥ ಗಿರಾಕಿ ಉಪದೇಶಿಗೆ ದಿನಾ ಸಿಗುತ್ತಾನೆಯೇ?

ಹಳೇ ಪುಸ್ತಕದ ಅಂಗಡಿಯಲ್ಲಿ ಹುಡುಕಿ ಕುದುರೆಗಳ ಆಹಾರದ ಮೇಲೊಂದು ಇಂಗ್ಲಿಷ್ ಪುಸ್ತಕ ತಂದೆ. ಬರೆದವನು ಯಾವನೋ ದೊರೆ. ಅವನ ಕುದುರೆಗಳು ಓಟ್ಸು, ಗಜ್ಜರಿ, ಸೇಬು ತಿನ್ನುತ್ತಿದ್ದವು. ಸೇಬು ನಮ್ಮ ಮನೆಯಲ್ಲಿ ಬಾಣಂತಿಗೂ ಸಿಕ್ಕಿರಲಿಲ್ಲ. ಗಜ್ಜರಿಯನ್ನೇನೋ ತಂದೆವು, ಮೈನಾ ತಿಂದಳು. ಶಕ್ತಿಗೆ ಮೀನೆಣ್ಣೆ ಒಳ್ಳೆಯದೆಂದು ದೊರೆ ಬರೆದಿದ್ದ. ಔಷಧಿ ಅಂಗಡಿಯಿಂದ ಬಾಟಲಿ ತಂದು ನಾನೇ ಕೈಯಾರೆ ಕುಡಿಸಲು ಹೋದೆ. ಮೈನಾ ಅದನ್ನು ಬಾಯಿಗೆ ತಗೊಂಡು, ಒಮ್ಮೆ ನನ್ನ ಮುಖ ನೋಡಿ, ಜೋರಾಗಿ ಸೀನಿದಳು. ಏಳು ತಲೆಮಾರಿನಿಂದ ಮೀನು ಮುಟ್ಟದ ಮನೆತನದ ನಾನು ಮೂರು ದಿನ ಮೀನು ನಾರುತ್ತ ಕಚೇರಿಗೆ ಹೋದೆ. ಆ ಮೂರೂ ದಿನ ಕಚೇರಿಯ ಬೆಕ್ಕು ನನ್ನ ಮೇಜು ಬಿಟ್ಟು ಕದಲಲಿಲ್ಲ. ಉಪ್ಪಿನ ಹರಳು ನೆಕ್ಕಿಸಿದೆವು, ಬೆಲ್ಲ ತಿನ್ನಿಸಿದೆವು. ಒಂದು ವಾರ ಕಳೆದರೂ ಪಕ್ಕೆಲುಬು ಇದ್ದಲ್ಲೇ ಇದ್ದವು. ಗುರಪ್ಪ ನನ್ನನ್ನು ಕಂಡರೆ ಓಣಿ ಬದಲಿಸತೊಡಗಿದ.

ಆ ಭಾನುವಾರ ನಮ್ಮಾಕೆ ನನ್ನ ಕೈಗೊಂದು ಬೋಗುಣಿ ಕೊಟ್ಟು, "ಗಂಗವ್ವನ ಮನೀಗೆ ಹೋಗಿ ಕಟ್ಟು ಇಸಗೊಂಡು ಬರ್ರಿ" ಅಂದಳು. ಹುರಳಿ ಕುದಿಸಿ ಬಸಿದ ಆ ಕೆಂಪು ನೀರಿಲ್ಲದೆ ಕಟ್ಟಿನ ಸಾರಿಲ್ಲ, ಕಟ್ಟಿನ ಸಾರಿಲ್ಲದೆ ನನಗೆ ಊಟವಿಲ್ಲ. ಅದು ಎಲ್ಲಿಂದ ಬರುತ್ತದೆಂದು ಮಾತ್ರ ನಾನು ಒಂದು ದಿನವೂ ಕೇಳಿದವನಲ್ಲ. ಹೋಗಿ ನಿಂತೆ. ಗುರಪ್ಪನ ಹೆಂಡತಿ ಗಂಗವ್ವ ಮೈನಾಳ ಹುರಳಿಯ ಗಡಿಗೆ ಇಳಿಸಿ, ದಪ್ಪನೆಯ ಕಟ್ಟನ್ನೆಲ್ಲ ಬಸಿದು ನನ್ನ ಬೋಗುಣಿ ತುಂಬಿಸಿದಳು. ಮತ್ತೆ ನೀರು ಹಾಕಿ ಕುದಿಸಿ, ಬಸಿದು, ತನ್ನ ಸಾರಿಗೆ ಇಟ್ಟುಕೊಂಡಳು. ಉಳಿದ ಸಪ್ಪೆ ಕಾಳು ಮೈನಾಳ ಬಕೆಟ್ಟಿಗೆ ಬಿತ್ತು.

"ಏ ಗಂಗವ್ವಾ, ಸತ್ವ ಎಲ್ಲಾ ನಮಗಽ ಕೊಟ್ರ ಮೈನಾಗ ಏನು ಉಳೀತು?" ಅಂದೆ.

"ಅಯ್ಯ, ಕೇಳಿದವರಿಗೆ ಕಟ್ಟು ಇಲ್ಲ ಅನಬಾರದ್ರಿ. ನಮ್ಮ ಅತ್ತಿ ಕಾಲದಿಂದ ನಡಕೊಂಡು ಬಂದದ್ದು. ಮೊದಲ ನಿಮ್ಮ ಮನಿ ಅಕ್ಕಾರು ವಾರಕ್ಕೊಮ್ಮೆ ಒಯ್ಯತಿದ್ರು. ಈ ವರ್ಷ ನಿಮಗ ದಿನಾ ಬೇಕಂತಲ್ಲ, ಅವರಽ ಹೇಳಿದ್ರು."

ನಾನು ಬಗ್ಗಿ ನನ್ನ ಹೊಟ್ಟೆ ನೋಡಿಕೊಂಡೆ. ಆ ವರ್ಷವೇ ಕೋಟಿನ ಗುಂಡಿ ಹಾಕಲು ಬಾರದಂತಾಗಿತ್ತು. ಗುರಪ್ಪ ಹುಡುಕುತ್ತಿದ್ದ ಕಳ್ಳ ಪುಸ್ತಕ ಹಿಡಿದು ಅವನ ಮನೆಯಲ್ಲೇ ಓಡಾಡುತ್ತಿದ್ದ! ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಬೋಗುಣಿಯನ್ನು ಅಲ್ಲೇ ಮೈನಾಳ ಬಕೆಟ್ಟಿಗೆ ಬಗ್ಗಿಸಿ, "ಇವತ್ತಿನಿಂದ ಕಟ್ಟು, ಕಾಳು ಎರಡೂ ಆಕಿಗೆ. ಮ್ಯಾಲೆ ಒಂದು ಹಿಡಿ ಗೋದಿ ಹೊಟ್ಟು, ಚೂರು ಉಪ್ಪು" ಎಂದೆ. ಗಂಗವ್ವ ತನ್ನ ಪಾಲನ್ನೂ ತಂದು ಸುರಿದಳು. ಖಾಲಿ ಬೋಗುಣಿ ಹಿಡಿದು ಬಂದು ಇನ್ನು ಕಟ್ಟು ಬೇಡವೆಂದಾಗ ನಮ್ಮಾಕೆ, "ನೀವು ಕಟ್ಟಿನ ಸಾರು ಬಿಡತೀರಿ? ಸೂರ್ಯ ಪಡುವಣದಾಗ ಹುಟ್ಯಾನ" ಎಂದು ನಕ್ಕಳು. ಬಿಟ್ಟೆ! ಗೋಡೆಯ ಆಚೆ ಮೈನಾ ಸೊರ್ ಸೊರ್ ಎಂದು ಕಟ್ಟು ಹೀರುವಾಗ, ಈಚೆ ನಾನು ತೊಗರಿಬೇಳೆ ಸಾರು ಕಲಸುತ್ತ ಹಲ್ಲು ಕಚ್ಚಿ ಕೂತೆ.

ತಿಂಗಳು ತುಂಬಿದ ದಿನ ಕಚೇರಿಗೆ ರಜೆ ಹಾಕಿ ತಪಾಸಣೆಗೆ ನಾನೂ ಹೋದೆ. ಮೈನಾಳ ಮೈ ಮಿರಿಮಿರಿ ಮಿಂಚುತ್ತಿತ್ತು. ಡಾಕ್ಟರರು ಒತ್ತಿ ಒತ್ತಿ ಹುಡುಕಿದರೂ ಪಕ್ಕೆಲುಬು ಕೈಗೆ ಹತ್ತಲಿಲ್ಲ. "ಶಾಭಾಸ್! ಏನು ಟಾನಿಕ್ ಹಾಕಿದಿಪಾ?" ಅಂದರು.

"ನಮ್ಮ ಕಾರಕೂನರು ತಮ್ಮ ಬಾಯಾಗಿಂದು ತಗದು ಕೊಟ್ಟಾರ್ರಿ!" ಎಂದ ಗುರಪ್ಪ. ಲಾಯಸನ್ಸ್ ಆಯಿತು. ನೆರೆದ ಟಾಂಗಾದವರೆಲ್ಲ ಹೋ ಎಂದು ಕೂಗಿದರು. ಮೈನಾಳ ಕೊರಳಿಗೆ ಚೆಂಡುಹೂವಿನ ಮಾಲೆ ಬಿತ್ತು, ನನ್ನನ್ನು ಎತ್ತಿ ಟಾಂಗಾದಲ್ಲಿ ಕೂಡಿಸಿದರು. ನನ್ನ ಜನ್ಮದಲ್ಲಿ ಅಂಥ ಮೆರವಣಿಗೆ ಆಗಿದ್ದು ಅದೇ ಮೊದಲು. ಮದುವೆಯಲ್ಲೂ ನಡೆದುಕೊಂಡೇ ಹೋಗಿದ್ದವನು ನಾನು.

ದಾರಿಯಲ್ಲಿ ಏರು ಬಂದಾಗ ಗುರಪ್ಪ ಲಗಾಮು ಎಳೆದ. ಕೈ ಹಿಚುಕಿಕೊಳ್ಳುತ್ತ, "ಕಾರಕೂನರ, ತಪ್ಪು ತಿಳಕೋಬ್ಯಾಡ್ರಿ. ಮೈನಾಗ ಈಗರ ಮೈ ಬಂದೈತಿ. ನಿಮ್ಮ ಭಾರ ಎಳದು ಮತ್ತ ಸೊರಗೀತು. ಚೂರು ಇಳದು ನಡೀರಲ್ಲ" ಅಂದ.

ಇಳಿದೆ. ಎದುರಿಗೆ ಬಂದ ಪರಿಚಯದವರೊಬ್ಬರು, "ಯಾಕ್ರೀ, ಖಾಲಿ ಟಾಂಗಾದ ಹಿಂದ ನಡಕೋತ ಹೊಂಟೀರಿ?" ಎಂದು ಕೇಳಿದರು. ನಾನು ಎದೆ ಸೆಟೆಸಿ ಹೇಳಿದೆ: "ಖಾಲಿ ಎಲ್ಲೈತ್ರಿ? ನನ್ನ ಮೂರು ವಾರದ ಸಾರು ಮುಂದ ಓಡಾಕತ್ತೈತಿ. ನಾ ಅದರ ಬೆನ್ನ ಹತ್ತೇನಿ."