ಹಾಲ್‌ನಲ್ಲಿ ಎರಡು ಪೆಟ್ಟಿಗೆಗೆ ಜಾಗ

ನಮ್ಮ ಮನೆಯ ಹಾಲ್‌ನಲ್ಲಿ ನನ್ನ ಪಾಲಿನ ಜಾಗ ಎಷ್ಟು ಎಂದು ಯಾರಾದರೂ ಕೇಳಿದರೆ ನನ್ನ ಎರಡು ಪಾದಗಳನ್ನು ತೋರಿಸುತ್ತೇನೆ. ಅದೂ ಜೋಡಿಸಿಟ್ಟುಕೊಂಡರೆ ಮಾತ್ರ. ಮಿಕ್ಕಿದ್ದೆಲ್ಲ ನನ್ನ ಹೆಂಡತಿಯ ಸಾಮ್ರಾಜ್ಯ. ಆಕೆ ದರ್ಜಿ. ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಆಳೆತ್ತರದ ಕನ್ನಡಿ, ಅಳತೆಯ ಗೊಂಬೆ, ಎಲ್ಲಕ್ಕೂ ಅಲ್ಲಿ ಖಾಯಂ ಜಾಗವಿದೆ. (ಗೊಂಬೆಗೆ ತಲೆಯೇ ಇಲ್ಲ, ಆದರೂ ಫ್ಯಾನಿನ ಕೆಳಗೆ ನಿಂತಿದೆ. ತಲೆಯಿರುವ ನಾನು ಬಾಗಿಲ ಹತ್ತಿರ.)

ಇಂಥ ಸಾಮ್ರಾಜ್ಯದೊಳಕ್ಕೆ ನಾನು ದೊಡ್ಡಪ್ಪನ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ತಂದು ನುಗ್ಗಿಸಿದೆ. ಒಂದೊಂದೂ ನನ್ನ ಸೊಂಟದೆತ್ತರ, ವಯಸ್ಸು ನಲವತ್ತೈದು. ಚಿಕ್ಕಂದಿನಲ್ಲಿ ರಜಾ ಬಂತೆಂದರೆ ಅವುಗಳ ಮುಂದೆ ಅಂಗಾತ ಮಲಗಿ ಹಾಡು ಕೇಳುತ್ತಿದ್ದೆ. ಎದೆಯೊಳಗೇ ಯಾರೋ ಡೋಲು ಬಾರಿಸಿದ ಹಾಗಾಗುತ್ತಿತ್ತು. ದೊಡ್ಡಪ್ಪ ಅವನ್ನು ನನಗೇ ಕೊಟ್ಟಾಗ, ಸುಳ್ಳೇಕೆ ಹೇಳಲಿ, ಕಣ್ಣು ತುಂಬಿ ಬಂತು. ದನಿ ಈಗಲೂ ಗಟ್ಟಿ. ಚರ್ಮ ಮಾತ್ರ ಹೋಗಿತ್ತು. ಅಂದರೆ ಪೆಟ್ಟಿಗೆಯ ಮೈಗೆ ಅಂಟಿಸಿದ್ದ ವೆನೀರ್, ಆ ತೆಳ್ಳನೆಯ ತೇಗದ ಹಾಳೆ, ಅಲ್ಲಲ್ಲಿ ಸಿಬಿರೆದ್ದು ಬಾಯಿ ಬಿಟ್ಟುಕೊಂಡಿತ್ತು.

ಮೂರನೆಯ ದಿನವೇ ಗಿರಾಕಿಯೊಬ್ಬಳ ಗೌನಿನ ಲೇಸು ಆ ಸಿಬಿರಿಗೆ ಸಿಕ್ಕಿಕೊಂಡಿತು. ಆಕೆ ಕನ್ನಡಿಯವರೆಗೆ ಹೋದಳು, ಲೇಸು ಹೋಗಲಿಲ್ಲ.

“ರೀ, ಭಾನುವಾರ ಸಂಜೆವರೆಗೆ ಟೈಮು,” ಎಂದಳು ನನ್ನವಳು. “ಅಷ್ಟರೊಳಗೆ ಇವು ನಾಲ್ಕು ಜನರ ಮುಂದೆ ನಿಲ್ಲೋ ಹಾಗಾದ್ರೆ ಹಾಲ್‌ನಲ್ಲಿರ್ಲಿ. ಇಲ್ಲಾಂದ್ರೆ ಸೋಮವಾರ ಗುಜರಿಯವನು ಬಂದು ಎತ್ಕೊಂಡು ಹೋಗ್ತಾನೆ.”

“ಪೆಟ್ಟಿಗೆಗಳನ್ನ ಮಾತ್ರ ತಾನೇ?”

“ಅದು ನಿಮ್ಮ ನಡತೆ ಮೇಲಿದೆ. ಯಾರಾದ್ರೂ ಬಡಗೀನ ಕರೀರಿ.”

“ಬಡಗಿ ಯಾಕೆ? ನಾನಿಲ್ವಾ?”

“ಅದಕ್ಕೇ ಹೇಳಿದ್ದು.”

ಈ ಮಾತು ನನ್ನ ಪೌರುಷಕ್ಕೆ ನಾಟಿತು. ಶನಿವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಜೀರ್ಣೋದ್ಧಾರ ಮಹಾಕಾರ್ಯ ಆರಂಭವಾಯಿತು. ಹಳೆಯ ಹಾಳೆಯ ಮೇಲೆ ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿ ಒತ್ತಿದರೆ ಅಂಟು ಸಡಿಲವಾಗುತ್ತದೆ ಎಂದು ಓದಿದ್ದೆ. ಸಡಿಲವಾಯಿತು ಕೂಡ. (ಇಸ್ತ್ರಿ ಪೆಟ್ಟಿಗೆ ಯಾರದು ಎಂದು ಕೇಳಬೇಡಿ, ನನಗೆ ಆಗಲೇ ಒಬ್ಬರು ಕೇಳಿದ್ದಾರೆ.) ಸಂಜೆಗೆ ಎರಡೂ ಪೆಟ್ಟಿಗೆಗಳ ಚರ್ಮ ಸುಲಿದು, ಉಪ್ಪು ಕಾಗದದಿಂದ ಉಜ್ಜಿ ನುಣ್ಣಗೆ ಮಾಡಿದೆ. ಉಜ್ಜುವುದು ನನಗೆ ಚೆನ್ನಾಗಿಯೇ ಒಗ್ಗಿತು.

ಹೊಸ ಹಾಳೆಗಳನ್ನೂ ಅಂಟಿನ ಡಬ್ಬವನ್ನೂ ಕೊಡುವಾಗ ಅಂಗಡಿಯವನು ಎಚ್ಚರಿಸಿದ್ದ: “ಹಾಳೆಗೂ ಹಚ್ಚಿ, ಪೆಟ್ಟಿಗೆಗೂ ಹಚ್ಚಿ. ಬೆರಳಿಗೆ ಅಂಟದಷ್ಟು ಒಣಗಲಿ, ಆಮೇಲೆ ಜೋಡಿಸಿ. ಆದ್ರೆ ಸಾರ್, ಒಂದು ಸಲ ತಾಗಿದ್ರೆ ಮುಗೀತು. ಆಮೇಲೆ ಸರಿಸೋಕಾಗಲ್ಲ, ಬಿಡಿಸೋಕಾಗಲ್ಲ.”

“ಗೊತ್ತಪ್ಪ, ನನಗೆ ಮದುವೆಯಾಗಿದೆ,” ಎಂದಿದ್ದೆ.

ಭಾನುವಾರ ಬೆಳಿಗ್ಗೆ ಎರಡೂ ಕಡೆ ಅಂಟು ಹಚ್ಚಿ ಒಣಗಿಸಿದೆ. ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು ಪೆಟ್ಟಿಗೆಯ ನೇರಕ್ಕೆ ತಂದೆ. ಅಷ್ಟರಲ್ಲಿ ಗಾಳಿ ಬೀಸಿತು. ಹಾಳೆ ಓರೆಯಾಗಿ ಹಾರಿ ಪೆಟ್ಟಿಗೆಗೆ ಕಚ್ಚಿಕೊಂಡಿತು. ತಡೆಯಲು ಹೋದ ನನ್ನ ಬಲತೋಳು ನಡುವೆ ಸಿಕ್ಕಿಕೊಂಡಿತು. ಎಳೆದೆ, ಜಗ್ಗಿದೆ, ಗೋಡೆಗೆ ಕಾಲು ಕೊಟ್ಟು ತಳ್ಳಿದೆ. ತೋಳು ಬರಲಿಲ್ಲ, ಹೆಂಡತಿ ಬಂದಳು.

“ಏನಾಯ್ತು?”

“ಏನಿಲ್ಲ.”

“ಮತ್ತೆ ಪೆಟ್ಟಿಗೇನ ಯಾಕೆ ತಬ್ಕೊಂಡಿದೀರಿ?”

“ದೊಡ್ಡಪ್ಪನ ನೆನಪಾಯ್ತು ಕಣೇ.”

ಆಕೆ ಒಳಗೆ ಹೋಗಿ ದೊಡ್ಡ ಕತ್ತರಿ ತಂದಳು. ನಾನು ಕಣ್ಣು ಮುಚ್ಚಿಕೊಂಡೆ. ಆದರೆ ಆಕೆ ಕತ್ತರಿಸಿದ್ದು ಅಂಗಿಯ ತೋಳನ್ನು, ಅದೂ ಕಣ್ಣೀರು ಹಾಕುತ್ತಾ, ಏಕೆಂದರೆ ಆ ಅಂಗಿ ಆಕೆಯೇ ಹೊಲಿದದ್ದು. ತೋಳಿನ ತುದಿ ಗುಂಡಿಯ ಸಮೇತ ಹಾಳೆಯ ಕೆಳಗಿಂದ ಇಣುಕುತ್ತಾ ಅಲ್ಲೇ ಉಳಿಯಿತು. ಆಮೇಲೆ ಆಕೆ ಹಾಳೆಯನ್ನು ಒಮ್ಮೆ ದಿಟ್ಟಿಸಿದಳು.

“ಇದೇನ್ರೀ, ಗೆರೆ ಎಲ್ಲಾ ಅಡ್ಡಡ್ಡ ಹೋಗಿದೆ? ಯಾರಾದ್ರೂ ಹೀಗೆ ಕತ್ತರಿಸ್ತಾರಾ?”

“ಅದು ಬಟ್ಟೆಯಲ್ಲ ಕಣೇ, ಮರ.”

“ಮರಕ್ಕೂ ಎಳೆ ಇರುತ್ತೆ. ಸರೀರಿ ಆ ಕಡೆ.”

ಸರಿದೆ. ಎರಡನೆಯ ಪೆಟ್ಟಿಗೆಯ ಹಾಳೆಗಳು ಆಕೆಯ ಮೇಜಿಗೆ ಹೋದವು. ಟೇಪು ಹಿಡಿದು ಅಳೆದಳು, ಸೀಮೆಸುಣ್ಣದಲ್ಲಿ ಗುರುತು ಹಾಕಿದಳು, ಸುತ್ತ ಅರ್ಧ ಇಂಚು ಹೆಚ್ಚಿಗೆ ಬಿಟ್ಟು ಕತ್ತರಿಸಿದಳು. ಚೌಕುಳಿ ಅಂಗಿಗೆ ಜೇಬು ಕೂರಿಸುವವಳಿಗೆ ತೇಗದ ಗೆರೆ ಯಾವ ಲೆಕ್ಕ? ಅಂಟು ಒಣಗಿದ ಮೇಲೆ ನಡುವೆ ತನ್ನ ಖಾಕಿ ಕಾಗದ ಹಾಸಿ, ಅದರ ಮೇಲೆ ಹಾಳೆಯನ್ನು ನಿಧಾನವಾಗಿ ಅತ್ತಿತ್ತ ಸರಿಸಿ ನೇರ ಮಾಡಿದಳು. ಆಮೇಲೆ ಕಾಗದವನ್ನು ಇಂಚಿಂಚೇ ಹೊರಗೆಳೆಯುತ್ತಾ ಲಟ್ಟಣಿಗೆಯಿಂದ ಒತ್ತುತ್ತಾ ಹೋದಳು. ಹೆಚ್ಚಿಗೆ ಬಿಟ್ಟದ್ದನ್ನು ಸವರಿ ತೆಗೆದಾಗ ಮೂಲೆಗಳಲ್ಲಿ ಗೆರೆಗೆ ಗೆರೆ ಕೂಡಿತು. ಎಣ್ಣೆ ತಿಕ್ಕಿದಾಗ ಪೆಟ್ಟಿಗೆ ಫಳಫಳ ಎಂದಿತು. ನಾನು ಬಾಯಿ ಬಿಟ್ಟು ನೋಡುತ್ತಾ ನಿಂತೆ.

ಸಂಜೆ, ಮೇಲಿನ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ರಿಪೇರಿಗೆ ಕೊಟ್ಟಿದ್ದ ಕೋಟು ಒಯ್ಯಲು ಬಂದರು. ಪೆಟ್ಟಿಗೆಯನ್ನು ಕಂಡು ಕೋಟು ಮರೆತರು. ಅದರ ಮೈ ಸವರುತ್ತಾ, “ಯಾರು ಮಾಡಿದ್ದು ಇದನ್ನ?” ಎಂದರು.

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವರ ದೃಷ್ಟಿ ಗುಂಡಿಯಿರುವ ಪೆಟ್ಟಿಗೆಯ ಮೇಲೆ ಬಿತ್ತು. “ಮತ್ತೆ ಇದನ್ನ?”

“ಅದನ್ನ ಇವರು ಮಾಡಿದ್ದು,” ಎಂದಳು ನನ್ನವಳು.

“ನೋಡಮ್ಮ, ನಮ್ಮನೇಲೂ ಇಂಥದ್ದೇ ಒಂದು ಜೊತೆ ಇದೆ,” ಎಂದರು ಪೋಸ್ಟ್‌ಮಾಸ್ಟರು, ನನ್ನ ಕಡೆ ಬೆನ್ನು ತಿರುಗಿಸಿ.

ಅವರ ಜೋಡಿ ಪೆಟ್ಟಿಗೆ ಮಾರನೆಯ ದಿನವೇ ಇಳಿದು ಬಂತು. ಹಿಂದೆಯೇ ಅವರ ಬೀಗರದ್ದು, ಬೀಗರ ಗೆಳೆಯರದ್ದು. ಗುಜರಿಯವನು ಹೇಳಿದ ಹಾಗೆ ಸೋಮವಾರ ಬಂದ, ಎಲ್ಲ ನೋಡಿಕೊಂಡು ಹೋದ. ಈಗ ಅವನು ಎತ್ತಿಕೊಂಡು ಹೋಗಲು ಬರುವುದಿಲ್ಲ, ತನ್ನ ಗೋದಾಮಿನಲ್ಲಿದ್ದ ಹಳೆಯ ಪೆಟ್ಟಿಗೆಗಳನ್ನು ತಂದಿಳಿಸಲು ಬರುತ್ತಾನೆ. ಹಾಲ್‌ನಲ್ಲಿ ಈಗ ಹದಿನಾಲ್ಕು ಸ್ಪೀಕರ್‌ಗಳಿವೆ. ಕೆಲಸ ಮುಗಿದವುಗಳಲ್ಲಿ ಗಿರಾಕಿಗಳು ಹಾಡು ಹಾಕಿ ಪರೀಕ್ಷೆ ಮಾಡುತ್ತಾರೆ, ದಿನವಿಡೀ ಹಾಡೇ ಹಾಡು. ನಾನು ಕಂಡ ಕನಸು ಅಕ್ಷರಶಃ ನನಸಾಗಿದೆ. ಆ ಹದಿನಾಲ್ಕರಲ್ಲಿ ನನ್ನದು ಒಂದೂ ಇಲ್ಲ.

“ನಮ್ಮವಕ್ಕೆ ಹಾಲ್‌ನಲ್ಲಿ ಜಾಗ ಕೊಡ್ತೀನಿ ಅಂದಿದ್ಯಲ್ಲ?” ಎಂದು ಕೇಳಿದೆ.

“ಒಂದು ಪಾಸು, ಒಂದು ಫೇಲು. ಫೇಲಾದದ್ದನ್ನ ಮತ್ತೆ ಸುಲಿದು ಮಾಡ್ಬೇಕು. ಮೊದಲು ಗಿರಾಕಿಗಳದ್ದು ಮುಗೀಲಿ. ಅಲ್ಲೀವರೆಗೂ ಎರಡೂ ಬಾಲ್ಕನೀಲಿರ್ಲಿ, ಜೋಡಿ ಬಿಡಿಸೋದು ಬೇಡ.”

ನಾನೂ ಬಾಲ್ಕನಿಯಲ್ಲೇ ಇದ್ದೇನೆ. ಉಜ್ಜಿದರೆ ಧೂಳೇಳುತ್ತದೆ, ಬಟ್ಟೆಗೆ ಕೂರುತ್ತದೆ ಎಂದು ಉಪ್ಪು ಕಾಗದದ ಇಲಾಖೆಯನ್ನು ಹೊರಗೆ ಹಾಕಿದ್ದಾಳೆ. ನಿನ್ನೆ ಹೊಸ ಗಿರಾಕಿಯೊಬ್ಬರು ಬಂದಿದ್ದರು. ಕಿಟಕಿಯಿಂದ ಇಣುಕಿ, “ಹೊರಗಿರೋ ಆ ಪೆಟ್ಟಿಗೆಗಳು ಯಾರದಮ್ಮ?” ಎಂದು ಕೇಳಿದರು.

“ಅವು ನಮ್ಮವೇ. ಅದಕ್ಕೇ ಹೊರಗಿಟ್ಟಿದ್ದೀವಿ.”

“ಓಹೋ. ಮತ್ತೆ ಪಕ್ಕದಲ್ಲಿ ಧೂಳು ಮೆತ್ಕೊಂಡು ಕೂತಿದಾರಲ್ಲ, ಅವರು?”

ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟು ನನ್ನವಳು ಹೇಳಿದಳು:

“ಅವರೂ ನಮ್ಮವರೇ.”